ಇರುವೆಗೆ ನಾಲ್ಕು ಕಾಲು ಬರೆದರೆ ರಬ್ಬರ್ ತೆಗೆಯಬೇಡಿ

ಜೂನ್‌ನಲ್ಲಿ ಶಾಲೆ ಶುರುವಾಗಿ ಹದಿನೈದು ದಿನ ಆಗುವಷ್ಟರಲ್ಲಿ ಒಂದು ಫೋನ್ ಬಂದೇ ಬರುತ್ತದೆ. "ಮೇಡಂ, ನಮ್ಮ ಪುಟ್ಟಿ ಇರುವೆಗೆ ನಾಲ್ಕೇ ಕಾಲು ಬರೆದಿದ್ದಾಳೆ. ನೀವು ನೋಡಿಯೂ ತಿದ್ದಿಲ್ಲವಲ್ಲ?" ನೋಡಿದ್ದೇನೆ. ಕೆಳಗೆ ತಾರೀಖು ಹಾಕಿದ್ದೇನೆ. ಬೇಕಂತಲೇ ತಿದ್ದಿಲ್ಲ.

ಮಲೆನಾಡಿನ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ಹುಳ, ಹಕ್ಕಿ, ಕಪ್ಪೆ ತೋರಿಸಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಇದೇ: ಮಗುವಿನ ಚಿತ್ರ ತಿದ್ದಬೇಡಿ. ಆದರೂ ತಿದ್ದುತ್ತಾರೆ. ಅಪ್ಪಂದಿರು ತಿದ್ದುತ್ತಾರೆ, ಟೀಚರುಗಳು ತಿದ್ದುತ್ತಾರೆ, ರಜೆಗೆ ಬಂದ ಚಿಕ್ಕಪ್ಪನೂ ತಿದ್ದುತ್ತಾನೆ.

ಮಗು ನಾಲ್ಕು ಕಾಲು ಯಾಕೆ ಬರೆಯಿತು ಅಂತ ಯಾರೂ ಕೇಳುವುದಿಲ್ಲ. ಕೊಟ್ಟಿಗೆಯ ದನಕ್ಕೆ ನಾಲ್ಕು, ನಾಯಿಗೆ ನಾಲ್ಕು, ಬೆಕ್ಕಿಗೆ ನಾಲ್ಕು. ಇರುವೆಗೂ ಅಷ್ಟೇ ಇರಬೇಕು ಅಂತ ಮಗು ಲೆಕ್ಕ ಹಾಕಿದೆ. ಓಡುವ ಇರುವೆಯ ಕಾಲು ಎಣಿಸುವುದು ದೊಡ್ಡವರಿಗೂ ಕಷ್ಟ, ಅಲ್ವಾ? ಕಾಣದ ಕಡೆ ಮಗು ತನಗೆ ಗೊತ್ತಿದ್ದದ್ದನ್ನು ತುಂಬಿದೆ. ಆ ಚಿತ್ರ ನೋಡಿದರೆ ನನಗೆ ತಿಳಿಯುವುದು ಇಷ್ಟೇ: ಇವಳಿಗೆ ಇರುವೆ ಇನ್ನೂ ಸರಿಯಾಗಿ ಕಂಡಿಲ್ಲ, ಇನ್ನೊಮ್ಮೆ ಕರೆದುಕೊಂಡು ಹೋಗಬೇಕು. ನೀವೇ ಪೆನ್ಸಿಲ್ ತಗೊಂಡು ಇನ್ನೆರಡು ಕಾಲು ಸೇರಿಸಿದರೆ ಚಿತ್ರವೇನೋ ಸರಿಹೋಗುತ್ತದೆ. ಆದರೆ ಮುಂದಿನ ಸಲ ಬರೆಯುವಾಗ ಮಗು ಇರುವೆಯ ಕಡೆ ನೋಡುವುದಿಲ್ಲ. ನಿಮ್ಮ ಮುಖ ನೋಡುತ್ತದೆ. ಇಂಥ ಮಕ್ಕಳನ್ನು ತರಗತಿಯಲ್ಲಿ ನಾನು ದೂರದಿಂದಲೇ ಗುರುತಿಸಬಲ್ಲೆ. ಒಂದು ಗೆರೆ ಎಳೆದು ತಲೆ ಎತ್ತುತ್ತವೆ, ಇನ್ನೊಂದು ಗೆರೆ ಎಳೆದು ತಲೆ ಎತ್ತುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಏನು ಮಾಡಬೇಕು ಅಂದರೆ, ಬೆಲ್ಲದ ನೀರು ಮಾಡಿ. ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಇಟ್ಟು ಇರುವೆ ಸಾಲಿನ ಪಕ್ಕದಲ್ಲಿ ಬಿಡಿ. ಹನಿಯ ಅಂಚಿಗೆ ಬಾಯಿ ಇಟ್ಟ ಇರುವೆ ಸುಮಾರು ಹೊತ್ತು ಅಲ್ಲಾಡದೆ ನಿಲ್ಲುತ್ತದೆ. ಎಣಿಸಲು ಅದೇ ಸಮಯ. ಆ ಪುಟ್ಟಿಗೆ ಹೀಗೇ ತೋರಿಸಿದೆ. ಹತ್ತು ನಿಮಿಷ ಬಗ್ಗಿ ಕೂತು ಅವಳು ಎರಡನೇ ಚಿತ್ರ ಬರೆದಳು. ಈ ಸಲ ಎಂಟು ಕಾಲು!

ಅದನ್ನೂ ತಿದ್ದಲಿಲ್ಲ. "ಎಂಟೂ ಒಂದೇ ಕಡೆಯಿಂದ ಹೊರಟಿವೆಯಾ ಪುಟ್ಟಿ?" ಅಂತ ಮಾತ್ರ ಕೇಳಿದೆ. ಮತ್ತೆ ಬಗ್ಗಿದಳು. ಸ್ವಲ್ಪ ಹೊತ್ತಿಗೆ, "ಮಿಸ್, ಎರಡು ತಲೆಯಿಂದ ಬಂದಿವೆ. ಅವು ನಡೆಯಲ್ಲ, ಸುಮ್ನೆ ಮುಟ್ಟಿ ಮುಟ್ಟಿ ನೋಡ್ತವೆ," ಅಂದಳು. ಕುಡಿಮೀಸೆ ಅನ್ನುವ ಪದವನ್ನು ಆಗ ಹೇಳಿದೆ, ಅದಕ್ಕೆ ಮೊದಲಲ್ಲ. ಉಳಿದ ಆರು ಕಾಲೂ ನಡುಭಾಗದಿಂದಲೇ ಹೊರಡುತ್ತವೆ, ಹೊಟ್ಟೆಯಿಂದ ಒಂದೂ ಇಲ್ಲ ಅನ್ನುವುದನ್ನೂ ಅವಳೇ ಕಂಡಳು. ಹೊಟ್ಟೆಗೂ ಕಾಲು ಅಂಟಿಸುವ ದೊಡ್ಡವರು ಎಷ್ಟು ಜನ ಬೇಕು? ಮೂರೂ ಚಿತ್ರ ಒಂದೇ ಪುಸ್ತಕದಲ್ಲಿವೆ, ತಾರೀಖಿನ ಸಮೇತ. ಅವಳ ಅಮ್ಮನಿಗೆ ನಾನು ತೋರಿಸಿದ್ದು ಅದನ್ನೇ.

ಇದು ಐದರಿಂದ ಎಂಟು ವರ್ಷದವರ ಮಾತು. ದೊಡ್ಡ ತರಗತಿಯ ಪರೀಕ್ಷೆಗೆ ಬೇರೆ ಲೆಕ್ಕ. ಎಲ್ಲ ಹುಳಕ್ಕೂ ಹೀಗೆ ಕಾಯುತ್ತಾ ಕೂರಿ ಅಂತಲೂ ಹೇಳುತ್ತಿಲ್ಲ. ಚೇಳು, ಜರಿ, ಕಂಬಳಿಹುಳ ಕಂಡರೆ ಮೊದಲು ಹೆಸರು ಹೇಳಿ, ದೂರ ನಿಲ್ಲಿಸಿ, ಆಮೇಲೆ ನೋಡಲು ಬಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯ ಮೇಲೆಲ್ಲ ಚೋರಟೆ, ಅಂದರೆ ಸಹಸ್ರಪದಿ. ಅದನ್ನೂ ಕಚ್ಚುವ ಜರಿಯನ್ನೂ ಮಕ್ಕಳು ಒಂದೇ ಅಂದುಕೊಳ್ಳುತ್ತಾರೆ. ಜರಿಗೆ ಮೈಯ ಒಂದೊಂದು ಉಂಗುರಕ್ಕೆ ಒಂದು ಜೊತೆ ಕಾಲು, ಚೋರಟೆಗೆ ಹೆಚ್ಚುಕಡಿಮೆ ಎಲ್ಲ ಉಂಗುರಕ್ಕೂ ಎರಡೆರಡು ಜೊತೆ. ಚೋರಟೆ ಕಚ್ಚುವುದಿಲ್ಲ, ಆದರೆ ಅದು ಬಿಡುವ ರಸ ಕಣ್ಣಿಗೆ ತಾಗಿದರೆ ಉರಿ. ಮುಟ್ಟಿದ ಮೇಲೆ ಕೈ ತೊಳೆಸಿ.

ನನಗೂ ಪಾಠ ಕಲಿಸಿದ ಒಂದು ಹಾಳೆ ಇದೆ. ಎರಡನೇ ತರಗತಿಯ ಒಬ್ಬ ಹುಡುಗ ಶಾಲೆಯ ಮಾವಿನ ಮರದ ಚಗಳಿ (ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ) ಬರೆದಿದ್ದ. ಎಂಟು ಕಾಲು, ಅದರಲ್ಲಿ ಮುಂದಿನ ಎರಡು ಮೇಲಕ್ಕೆ ಎತ್ತಿವೆ. ಹಿಂಭಾಗದಿಂದ ಒಂದು ಉದ್ದ ಗೆರೆ. ಟೀಚರ್ ಒಳ್ಳೆಯವರು, ಶ್ರದ್ಧೆ ಇರುವವರು. ಎರಡು ಕಾಲನ್ನೂ ಆ ಗೆರೆಯನ್ನೂ ರಬ್ಬರಿನಿಂದ ಅಳಿಸಿದ್ದರು. "ಗೆರೆ ಯಾಕೆ ಮಾರಾಯ?" ಅಂತ ಕೇಳಿದೆ. "ಅದು ನೂಲು ಬಿಟ್ಟು ಕೆಳಗೆ ಇಳೀತು," ಅಂದ. ಟೀಚರ್, "ಇರುವೆ ನೂಲು ಬಿಡಲ್ಲ ಕಣೋ," ಅಂದರು. ಅವರು ಹೇಳಿದ್ದೂ ಸರಿಯೇ. ಚಗಳಿ ಗೂಡಿನ ಎಲೆ ಹೊಲಿಯುವ ರೇಷ್ಮೆ ಬರುವುದು ಅದರ ಮರಿಹುಳದ ಬಾಯಿಂದ. ದೊಡ್ಡ ಇರುವೆ ಆ ಮರಿಯನ್ನು ಹಿಡಿದು ಲಾಳಿಯ ಹಾಗೆ ಆಡಿಸುತ್ತದೆ, ಅಷ್ಟೇ.

ಆದರೆ ಹುಡುಗ ಕಂಡದ್ದು ಇರುವೆಯನ್ನಲ್ಲ. ಚಗಳಿಯ ವೇಷ ಹಾಕಿದ ಒಂದು ಜೇಡ ಇದೆ. ಅದೇ ಕೆಂಪು ಬಣ್ಣ, ಅದೇ ಸಣ್ಣ ಸೊಂಟ. ಮುಂದಿನ ಎರಡು ಕಾಲನ್ನು ಕುಡಿಮೀಸೆಯ ಹಾಗೆ ಎತ್ತಿ ಆಡಿಸುತ್ತಾ ಚಗಳಿಗಳ ಆಸುಪಾಸಿನಲ್ಲೇ ತಿರುಗುತ್ತದೆ. ಹೆದರಿದರೆ ನೂಲು ಬಿಟ್ಟು ಜಿಗಿಯುತ್ತದೆ.

ಮೂವರೂ ಮರದ ಹತ್ತಿರ ಹೋದೆವು. ಆ ದಿನ ಚಗಳಿ ಕಡಿತ ಬಿಟ್ಟರೆ ಏನೂ ಸಿಗಲಿಲ್ಲ. ಮೂರನೇ ದಿನ ಹುಡುಗನೇ ಕೂಗಿ ಕರೆದ. ಟೀಚರ್ ಒಣ ಕಡ್ಡಿಯಿಂದ ಎಲೆ ಮುಟ್ಟಿದರು. "ಇರುವೆ" ಒಂದು ಮಾರು ಕೆಳಗೆ ಇಳಿದು ಗಾಳಿಯಲ್ಲಿ ತೂಗಾಡುತ್ತಾ ನಿಂತಿತು. ಅವರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಆ ಹಾಳೆ ತಂದು ಪೆನ್ಸಿಲ್ ಸಮೇತ ಅವನ ಕೈಗೆ ಕೊಟ್ಟರು. ಉಜ್ಜಿದ ಕಡೆ ಕಾಗದ ತೆಳ್ಳಗಾಗಿತ್ತು. ಅವನು ಅದರ ಪಕ್ಕದಲ್ಲೇ ಹೊಸದಾಗಿ ನೂಲು ಎಳೆದ.