ಹವಳದ ಟ್ಯಾಂಕ್: ಕೆಎಚ್ ಇಳಿಯುತ್ತದೆ, ಕ್ಯಾಲ್ಸಿಯಂ ಯಾಕೆ ಇಳಿಯಲ್ಲ?

ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ ಟ್ಯಾಂಕ್ ಸೈಕಲ್ ಆಗೋದು (ಕೊಳೆ ಕರಗಿಸುವ ಬ್ಯಾಕ್ಟೀರಿಯ ನೆಲೆಯೂರೋದು), ಅಮೋನಿಯ ಸೊನ್ನೆಗೆ ಬಂದ ಮೇಲೆ ಮೀನು ಬಿಡೋದು ಎಲ್ಲರಿಗೂ ಗೊತ್ತಿರುತ್ತದೆ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು) ಇರಲಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ದಿನಾ ತುಂಬಿಸಬೇಕಾದ್ದು ಬರೀ ಆರ್‌ಓ ನೀರು.

ತಲೆ ತಿನ್ನುವುದು ಮುಂದಿನ ವಿಷಯ. ಗಟ್ಟಿ ಹವಳ ಬೆಳೆಯಲು ಶುರುವಾದ ಮೇಲೆ ಕೆಎಚ್ (ನೀರಿನಲ್ಲಿ ಕಾರ್ಬೊನೇಟ್, ಬೈಕಾರ್ಬೊನೇಟ್ ಎಷ್ಟಿದೆ ಅನ್ನುವ ಅಳತೆ, ಏಕಮಾನ ಡಿಕೆಎಚ್) ವಾರದೊಳಗೆ 8ರಿಂದ 7ಕ್ಕೆ, 6ಕ್ಕೆ ಬರುತ್ತದೆ. ಕ್ಯಾಲ್ಸಿಯಂ ನೋಡಿದರೆ ಅದೇ 420 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಇಲ್ಲ 410. ಹಾಗಾದರೆ ಹವಳ ಕ್ಯಾಲ್ಸಿಯಂ ತಿನ್ನುತ್ತಲೇ ಇಲ್ವಾ?

ತಿನ್ನುತ್ತದೆ. ಹವಳ ಕಟ್ಟುವ ಗೂಡು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಕ್ಯಾಲ್ಸಿಯಂಗೆ ಎರಡು ಬೈಕಾರ್ಬೊನೇಟ್ ಖರ್ಚಾಗುತ್ತವೆ. ಇದನ್ನು ನೀರು ಪರೀಕ್ಷಿಸುವ ಕಿಟ್‌ನ ಅಳತೆಗೆ ತಂದರೆ 2.8 ಡಿಕೆಎಚ್ ಇಳಿದಾಗ ಕ್ಯಾಲ್ಸಿಯಂ 20 ಪಿಪಿಎಂ ಇಳಿಯುತ್ತದೆ. ಅಂದರೆ 1 ಡಿಕೆಎಚ್‌ಗೆ ಸುಮಾರು 7 ಪಿಪಿಎಂ. ಈಗ ನೋಡಿ: ಜೇಬಲ್ಲಿ 8 ರೂಪಾಯಿ ಇದ್ದವನು 1 ರೂಪಾಯಿ ಕೊಟ್ಟರೆ ತಕ್ಷಣ ಗೊತ್ತಾಗುತ್ತದೆ. 420 ಇದ್ದವನು 7 ಕೊಟ್ಟರೆ ಗೊತ್ತೇ ಆಗಲ್ಲ. ಅದರ ಮೇಲೆ ಕ್ಯಾಲ್ಸಿಯಂ ಕಿಟ್‌ನಲ್ಲಿ 10 ಪಿಪಿಎಂ ಆಚೀಚೆ ಆಗುವುದು ಮಾಮೂಲು. ಎರಡೂ ಜೊತೆಯಲ್ಲೇ ಇಳಿಯುತ್ತವೆ, ಕಣ್ಣಿಗೆ ಬೀಳುವುದು ಒಂದು ಮಾತ್ರ.

ಒಂದು ಲೆಕ್ಕ ಮಾಡೋಣ. ಟ್ಯಾಂಕಿನಲ್ಲಿ ನೀರು 200 ಲೀಟರ್. ಏನೂ ಹಾಕದೆ ಕೆಎಚ್ ಸೋಮವಾರ 8.4, ಗುರುವಾರ ಅದೇ ಹೊತ್ತಿಗೆ 7.2. ಮೂರು ದಿನಕ್ಕೆ 1.2, ದಿನಕ್ಕೆ 0.4. ನೆನಪಿಡಬೇಕಾದ್ದು ಒಂದೇ ಸಂಖ್ಯೆ: 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ 1 ಡಿಕೆಎಚ್ ಏರುತ್ತದೆ. ಹಾಗಾಗಿ ನಮಗೆ ದಿನಕ್ಕೆ 2.4 ಗ್ರಾಂ. ಅದೇ ಮೂರು ದಿನದಲ್ಲಿ ಕ್ಯಾಲ್ಸಿಯಂ ಇಳಿದದ್ದು ಎಂಟೂವರೆ ಪಿಪಿಎಂ. ಕಿಟ್ ತೋರಿಸದಿದ್ದರೂ ಅದನ್ನೂ ತುಂಬಬೇಕು: ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ದಿನಕ್ಕೆ ಸುಮಾರು 2.1 ಗ್ರಾಂ.

ಸೋಡಾ ಅಂದರೆ ಸೋಡಾನೇ, ಬೇಕಿಂಗ್ ಪೌಡರ್ ಅಲ್ಲ. ಅದರಲ್ಲಿ ಆಮ್ಲ ಬೆರೆಸಿರುತ್ತಾರೆ. ಎರಡು ದ್ರಾವಣಗಳನ್ನೂ ಬೇರೆ ಬೇರೆ ಮಾಡಿ, ಬೇರೆ ಹೊತ್ತಿಗೆ, ನೀರು ಜೋರಾಗಿ ಹರಿಯುವ ಕಡೆ ನಿಧಾನಕ್ಕೆ ಬಿಡಿ. ಒಂದೇ ಲೋಟದಲ್ಲಿ ಬೆರೆಸಿದರೆ ಬೆಳ್ಳಗೆ ಮೋಡ ಕಟ್ಟಿ ತಳ ಸೇರುತ್ತದೆ. ಹವಳ ಕಟ್ಟಬೇಕಾದ ಸುಣ್ಣ ಲೋಟದಲ್ಲೇ ಕಟ್ಟಿದ ಹಾಗೆ. ಕೆಎಚ್ ತೀರಾ ಕೆಳಗೆ ಹೋಗಿದ್ದರೂ ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರಿಸಬೇಡಿ.

ಕೆಎಚ್ ಇನ್ನೂ ಸೂಕ್ಷ್ಮವಾಗಿ ಅಳೆಯಲು ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. 5 ಮಿಲೀ ನೀರಿಗೆ ಹನಿಗೊಂದು ಡಿಕೆಎಚ್ ತೋರಿಸುವ ಕಿಟ್ ಇದ್ದರೆ 10 ಮಿಲೀ ತಗೊಳ್ಳಿ. ಆಗ ಒಂದು ಹನಿ ಅಂದರೆ ಅರ್ಧ ಡಿಕೆಎಚ್. ಬಣ್ಣ ತಿರುಗುವಾಗ ಹಿಂದೆ ಬಿಳಿ ಕಾಗದ ಹಿಡಿಯಿರಿ.

ಪಿಎಚ್ ಬೇರೆ ಕಥೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿಯುತ್ತದೆ, ಕೆಎಚ್ ಇದ್ದಲ್ಲೇ ಇರುತ್ತದೆ. ಅದಕ್ಕೆ ಮದ್ದು ಸೋಡಾ ಅಲ್ಲ, ಕಿಟಕಿ.

ಭಾರತದಲ್ಲಿರುವವರು ಗಮನಿಸಿ: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ ನೋಡಬಹುದು, ಮುರಿದು ತರುವಂತಿಲ್ಲ.

ಗಟ್ಟಿ ಹವಳವೇ ಇಲ್ಲದ ಟ್ಯಾಂಕಿನಲ್ಲೂ ಕೆಎಚ್ ಇಳಿಯುತ್ತಿದ್ದರೆ ಗಾಜು ನೋಡಿ. ಅಲ್ಲಿ ಗುಲಾಬಿ–ನೇರಳೆ ಬಣ್ಣದಲ್ಲಿ ಗಟ್ಟಿಯಾಗಿ ಅಂಟಿಕೊಂಡಿರುವ ಕೊರಲೈನ್ ಪಾಚಿಯೂ ಇದೇ ಸುಣ್ಣವನ್ನೇ ಕಟ್ಟುತ್ತದೆ.