ಒಡೆಯನನ್ನು ಹುಡುಕಹೊರಟ ಕಂಪ್ಯೂಟರು

ಮನೆಯೊಳಗೆ ಮನೆಯೊಡೆಯ ಇದ್ದಾನೋ ಇಲ್ಲವೋ ಎಂದು ಕೇಳುತ್ತದೆ ಬಸವಣ್ಣನ ವಚನ. ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಹುಡುಕುವ ಚೌಕದಲ್ಲಿ ‘ಒಡೆಯ’ ಎಂದು ಟೈಪಿಸಿದರೆ ಯಂತ್ರ ‘ಇಲ್ಲ’ ಎನ್ನುತ್ತದೆ. ಕೊನೆಗೆ ವಚನವೂ ಹೇಳುವುದು ಅದನ್ನೇ, ಆ ಮಾತು ಬೇರೆ!

ಯಂತ್ರಕ್ಕೆ ಅಕ್ಷರದ ಆಕಾರ ಕಾಣದು, ಸಂಖ್ಯೆಯಷ್ಟೇ ಗೊತ್ತು. ಲೋಕದ ಲಿಪಿಗಳ ಅಕ್ಷರಕ್ಕೊಂದು ಸಂಖ್ಯೆ ಕೊಡುವ ಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ‘ಒ’ ಸ್ವರದ ಸಂಖ್ಯೆ 3218. ಆದರೆ ‘ಮನೆ’ಯ ಜೊತೆ ‘ಒಡೆಯ’ ಸೇರಿದಾಗ ನಡುವೆ ಯಕಾರ ಬಂದು, ‘ಒ’ ಆ ಯಕಾರದ ಮೈಮೇಲೆ ಗುಣಿತದ ಚಿಹ್ನೆಯಾಗಿ ಕೂರುತ್ತದೆ. ಆ ಚಿಹ್ನೆಯ ಸಂಖ್ಯೆ 3274. ನಮ್ಮ ಕಿವಿಗೆ ಎರಡೂ ಒಂದೇ ದನಿ. ಯಂತ್ರದ ಲೆಕ್ಕದಲ್ಲಿ ಒಂದಕ್ಕೊಂದು ನಂಟಿಲ್ಲ. ‘ಮಳೆಗಾಲ’ದಲ್ಲಿ ‘ಕಾಲ’ ಹುಡುಕಿದರೂ ಇದೇ ಗತಿ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಸೂತ್ರ ಕಟ್ಟಿ ವಿವರಿಸಿದ ಸಂಧಿ, ಇವತ್ತು ಸರ್ಚ್ ಬಾಕ್ಸಿಗೆ ಅಡ್ಡ ನಿಂತಿದೆ.

ಕಾಲೇಜುಗಳಲ್ಲಿ ಡಿಜಿಟಲ್ ಬೋಧನೆ ಎಂದರೆ ಪುಸ್ತಕದಲ್ಲಿದ್ದ ಟಿಪ್ಪಣಿಯನ್ನು ಸ್ಲೈಡಿಗೆ ಏರಿಸಿ ಓದುವುದು ಎಂದಾಗಿಬಿಟ್ಟಿದೆ. ಅದಕ್ಕೆ ಕರಿಹಲಗೆಯೇ ವಾಸಿ. ಆಗಮ, ಆದೇಶಗಳ ಪಾಠಕ್ಕೆ ಈ ಸಿಗದ ಒಡೆಯನಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಕಂಡಿಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಂಧಿ ಇಲ್ಲಿ ಕೆಲಸಕ್ಕೆ ಬೇಕಾಗುತ್ತದೆ.

ಈ ತೊಡಕು ಕನ್ನಡದ್ದು ಮಾತ್ರವೂ ಅಲ್ಲ. ಇಟಲಿಯ ಪಾದ್ರಿ ರಾಬರ್ಟೊ ಬೂಸಾ, ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವೈನಸನ ಲ್ಯಾಟಿನ್ ಬರಹಗಳಿಗೆ ಪದಸೂಚಿ ಮಾಡಲು ಹೊರಟು, 1949ರಲ್ಲಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಬಾಗಿಲು ತಟ್ಟಿದರು. ಸುಮಾರು 1.1 ಕೋಟಿ ಪದಗಳು. ಮೊದಮೊದಲು ಎಲ್ಲವೂ ತೂತು ಕೊರೆದ ಕಾರ್ಡುಗಳ ಮೇಲೆ. ಎಣಿಸುವ ಕೆಲಸ ಯಂತ್ರದ್ದು. ರೂಪ ಬದಲಿಸುವ ಪದಗಳನ್ನು ಅವುಗಳ ಮೂಲ ಪದದಡಿ ತಂದು ಕೂರಿಸಲು ಮಾತ್ರ ಲ್ಯಾಟಿನ್ ಬಲ್ಲವರೇ ಬೇಕಾಯಿತು. 56 ಸಂಪುಟಗಳು ಅಚ್ಚಾಗಿ ಮುಗಿದದ್ದು 1980ರಲ್ಲಿ.

ನಮ್ಮಲ್ಲಿ ಹುಡುಕಾಟಕ್ಕೂ ಮುಂಚೆ ಇನ್ನೊಂದು ಗೋಳಿದೆ. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ; ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಫಾಂಟು ಕಳಚಿದರೆ ಪ್ರಬಂಧಕ್ಕೆ ಪ್ರಬಂಧವೇ ಕಲಸುಮೇಲೋಗರ. ಯೂನಿಕೋಡಿಗೆ ಪರಿವರ್ತಿಸಿಕೊಂಡ ಮೇಲೆಯೇ ಮುಂದಿನ ಮಾತು.

ಪರಿವರ್ತಿಸಿಕೊಂಡು, ‘ಒ’ ಸ್ವರವಾಗಲಿ ಚಿಹ್ನೆಯಾಗಲಿ, ಅದರ ಮುಂದೆ ‘ಡೆಯ’ ಇರುವುದನ್ನೆಲ್ಲ ಹೆಕ್ಕು ಎಂದು ಯಂತ್ರಕ್ಕೆ ಹೇಳಿಕೊಡಬಹುದು. ಈಗ ಮನೆಯೊಡೆಯ ಸಿಗುತ್ತಾನೆ. ಅವನ ಹಿಂದೆಯೇ ‘ತೊಡೆಯ ಮೇಲೆ’, ‘ಹೊಡೆಯಬೇಡ’ಗಳೂ ಬರುತ್ತವೆ. ಕೊಡ ‘ಒಡೆಯದಂತೆ’ ಹಿಡಿದುಕೊಂಡವಳೂ ಬರುತ್ತಾಳೆ. ಪಟ್ಟಿಯನ್ನು ತರಗತಿಯ ಮುಂದಿಟ್ಟರೆ ಹುಡುಗರು ಮೊದಲು ನಗುತ್ತಾರೆ. ಆಮೇಲೆ ಪೆನ್ನು ಹಿಡಿದು, ಯಾರು ಒಡೆಯ, ಯಾವುದು ತೊಡೆ ಎಂದು ಒಂದೊಂದೇ ಸಾಲು ಓದಿ ಗುರುತು ಹಾಕಲು ಕೂರುತ್ತಾರೆ.