ಪುರದ ಸಗಣಿ ಲೆಕ್ಕ: ‘ಅಸ್ತ್ರ’ ನಡೆದು ಬಂದ ದಾರಿ

ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಶುರುವಾಯಿತು. ವಿಜ್ಞಾನ–ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ಕೋಶ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಆದ ಹೆಸರು ಅದು. ಮುಂದೆ ನಿಂತವರು ಅಮೂಲ್ಯ ಕೆ. ಎನ್. ರೆಡ್ಡಿ, ವಿದ್ಯುದ್ರಸಾಯನ ವಿಜ್ಞಾನಿ. ಬೆನ್ನಿಗಿದ್ದವರು ಆಗಿನ ನಿರ್ದೇಶಕ ಸತೀಶ್ ಧವನ್. ಸಿವಿಲ್ ಎಂಜಿನಿಯರಿಂಗ್‌ನ ಕೆ. ಎಸ್. ಜಗದೀಶ್ ಮಣ್ಣಿನ ಗೋಡೆಯ ಕೆಲಸ ಹಿಡಿದರು. ಒಲೆಗೆ ಶಾಖದ ಲೆಕ್ಕ ಬಲ್ಲವರು ಬೇಕು, ಸಗಣಿಗೆ ಜೀವರಸಾಯನ ತಿಳಿದವರು ಬೇಕು. ಹಾಗಾಗಿ ಬೇರೆ ಬೇರೆ ವಿಭಾಗದವರು ಒಂದೇ ಮೇಜಿಗೆ ಬಂದರು.

ಆದರೆ ಮೇಜು ಕ್ಯಾಂಪಸ್ಸಿನಲ್ಲೇ ಉಳಿದಿದ್ದರೆ ಅಸ್ತ್ರಕ್ಕೆ ಇಷ್ಟು ಬೆಲೆ ಬರುತ್ತಿರಲಿಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆಂದು ಮನೆಮನೆಯಲ್ಲಿ ಅಳೆದರು. ಅವುಗಳಲ್ಲೊಂದು ಪುರ: 56 ಮನೆ, 357 ಜನ. ಅಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಸುಮಾರು ಶೇ. 89 ಸೌದೆಯದು, ಶೇ. 7 ಮನುಷ್ಯರ ಮೈದುಡಿಮೆಯದು. ಸೀಮೆಎಣ್ಣೆಯದು ಶೇ. 2, ಎತ್ತು ಮತ್ತು ಕರೆಂಟಿನದು ತಲಾ ಶೇ. 1. ಮೈದುಡಿಮೆಯಲ್ಲೂ ಅರ್ಧಕ್ಕಿಂತ ಹೆಚ್ಚು ಹೆಂಗಸರದೇ. ದೇಶದ ಇಂಧನ ಚರ್ಚೆಯೆಲ್ಲ ಕಲ್ಲಿದ್ದಲು, ಪೆಟ್ರೋಲು, ಅಣೆಕಟ್ಟೆಗಳ ಸುತ್ತಲೇ ನಡೆಯುತ್ತಿದ್ದ ಕಾಲದಲ್ಲಿ ಈ ಅಂಕಿಗಳ ತೂಕ ದೊಡ್ಡದು.

ಸೌದೆ ಇಷ್ಟು ಉರಿಯುವುದು ಅಡುಗೆಗೆ. ಹಾಗಿದ್ದರೆ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅನಿಲವನ್ನು ಒಲೆಗೆ ಕೊಡೋಣ ಎಂಬುದು ಮೊದಲ ಯೋಜನೆ. ಅದು ಬಾಳಲಿಲ್ಲ. ಪುರದ ಸ್ಥಾವರ ದಿನಕ್ಕೆ ಹೆಚ್ಚೆಂದರೆ 1.25 ಟನ್ ಸಗಣಿ ತಿಂದು 42.5 ಘನ ಮೀಟರ್ ಅನಿಲ ಕೊಡಬಲ್ಲದು. ಅಡುಗೆಗೆ ತಲೆಗೆ ಕಾಲು ಘನ ಮೀಟರ್ ಎಂದು ಹಿಡಿದರೂ 357 ಜನಕ್ಕೆ ಸುಮಾರು 90 ಘನ ಮೀಟರ್ ಬೇಕು. ಅರ್ಧ ಅಡುಗೆಗೂ ಸಾಲದ ಅನಿಲ. ಇನ್ನೊಂದು ಕಡೆ ಸೌದೆ ಆಯ್ದು ತರುವುದಕ್ಕೆ ಕಾಸು ಕೊಡಬೇಕಿಲ್ಲ. ಅನ್ನ ಅರೆಬೆಂದಾಗ ಅನಿಲ ನಿಂತುಹೋಗುವುದಾದರೆ, ದಿನವೂ ಸಗಣಿ ಹೊತ್ತು ತಂದು ಹಾಕುವವರು ಯಾರು?

ಊರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಲ್ಲಿ ಯೋಜನೆ ದಿಕ್ಕು ಬದಲಿಸಿತು: ಅದೇ ಅನಿಲ, ಆದರೆ ಒಲೆಗಲ್ಲ, 5 ಕಿಲೋವ್ಯಾಟ್‌ನ ಜನರೇಟರಿಗೆ. ಒಂದಿಷ್ಟು ಡೀಸೆಲ್ ಜೊತೆ ಅನಿಲ ಸೇರಿಸಿ ಓಡಿಸುವ ಎಂಜಿನ್ ಅದು. ಒಂದು ಯೂನಿಟ್ ಕರೆಂಟಿಗೆ ಸುಮಾರು ಅರ್ಧ ಘನ ಮೀಟರ್ ಅನಿಲ ಸಾಕು. ದಿನಕ್ಕೆ ನಾಲ್ಕು ತಾಸು ಪೂರ್ತಿ ಓಡಿದರೂ 20 ಯೂನಿಟ್, ಹತ್ತು ಹನ್ನೆರಡು ಘನ ಮೀಟರ್. ಅಡುಗೆಗೆ ಸಾಲದ ಸಗಣಿ ಬೋರ್‌ವೆಲ್ ಪಂಪಿಗೂ ಮನೆಯ ದೀಪಗಳಿಗೂ ಮಿಕ್ಕುವಷ್ಟಾಯಿತು.

ಇದು ಬಾಳಿದ್ದು ಎಂಜಿನ್ನಿನಿಂದಷ್ಟೇ ಅಲ್ಲ. ತಂದ ಸಗಣಿಯನ್ನು ತೂಗಿ ಕಿಲೋಗೆ 2 ಪೈಸೆ ಕೊಡುತ್ತಿದ್ದರು. ದುಡ್ಡು ಹೆಚ್ಚಾಗಿ ಹೆಂಗಸರ ಕೈಗೇ ಹೋಗುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸುತ್ತಿದ್ದರು. ಕೆಳಗಿಳಿದ ನೀರು ಮರುದಿನದ ಸಗಣಿ ಕಲಸಲು, ಮೇಲುಳಿದ ಗಟ್ಟಿ ಗೊಬ್ಬರ ಸಗಣಿ ತಂದವರ ತಿಪ್ಪೆಗೆ. ತನ್ನ ಗೊಬ್ಬರ ಕೈಬಿಟ್ಟಿಲ್ಲ ಎಂಬ ಖಾತ್ರಿ ಇಲ್ಲದೆ ಯಾವ ರೈತನೂ ಸಗಣಿ ಕೊಡುವುದಿಲ್ಲ.

ಅಸ್ತ್ರದವರೇ ರೂಪಿಸಿದ ಸೌದೆ ಒಲೆ ಇದಕ್ಕಿಂತ ಹೆಚ್ಚು ಮನೆ ಮುಟ್ಟಿತು. ಮೂರು ಪಾತ್ರೆ ಕೂರುವ ಮುಚ್ಚಿದ ಒಲೆ, ಕೆಳಗೆ ಜಾಲರಿ, ಕೊನೆಯಲ್ಲಿ ಹೊಗೆ ಕೊಳವೆ. ಕೆಡುವುದು ಸಣ್ಣ ವಿಷಯಗಳಲ್ಲಿ. ಪಾತ್ರೆ ಕುಣಿಗೆ ಸರಿಯಾಗಿ ಕೂರದಿದ್ದರೆ ಸಂದಿನಿಂದ ಹೊಗೆ ಒಳಗೇ ನುಗ್ಗುತ್ತದೆ. ಒಲೆ ಹಾಕುವ ಗಾರೆಯವನು ಕಣ್ಣಂದಾಜಿನಲ್ಲಿ ಹೊಗೆದಾರಿಯ ಅಳತೆ ಬದಲಿಸಿದರೆ ಎಳೆತ ಕೆಡುತ್ತದೆ. ಕೊಳವೆಯ ಮಸಿ ಆಗಾಗ ತೆಗೆಯದಿದ್ದರೂ ಅಷ್ಟೇ. ಸೌದೆಯನ್ನು ಗಿಡ್ಡ ತುಂಡು ಮಾಡಿಕೊಳ್ಳಬೇಕು, ಇದೂ ಹೆಂಗಸರಿಗೇ ಹೆಚ್ಚುವರಿ ಕೆಲಸ.

ಮಣ್ಣಿನ ಇಟ್ಟಿಗೆಯಲ್ಲೂ ಅಳತೆಯೇ ಜೀವ. ಕೆಮ್ಮಣ್ಣಿಗೆ ಮರಳು ಬೆರೆಸಿ, ಸುಮಾರು ಶೇ. 7 ಸಿಮೆಂಟ್ ಹಾಕಿ, ಪ್ರತಿ ಅಚ್ಚಿಗೂ ಒಂದೇ ತೂಕದ ಹದವಾದ ಮಣ್ಣು ತುಂಬಿ ಕೈಯಂತ್ರದಲ್ಲಿ ಒತ್ತಬೇಕು. ಮಣ್ಣು ಕಡಿಮೆ ಬಿದ್ದರೆ ಇಟ್ಟಿಗೆಯೊಳಗೆ ಟೊಳ್ಳು, ಮಳೆಗೆ ಕರಗುತ್ತದೆ. ಸಿಮೆಂಟ್ ಬೆರೆಸಿದ ಮಣ್ಣನ್ನು ಹೆಚ್ಚು ಹೊತ್ತು ಇಟ್ಟರೆ ಒತ್ತುವ ಮೊದಲೇ ಗಟ್ಟಿಯಾಗತೊಡಗುತ್ತದೆ. ಅನಂತರ ಮೂರು ನಾಲ್ಕು ವಾರ ನೆರಳಲ್ಲಿ ನೀರುಣಿಸಬೇಕು. ಅವಸರದ ಕಟ್ಟಡಗಳಲ್ಲಿ ತಪ್ಪುವುದು ಇದೇ ಹಂತ. ಉತ್ತರ ಕರ್ನಾಟಕದ ಎರೆಮಣ್ಣಿಗೆ ಈ ಪಾಕ ನಡೆಯದು. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವ ಆ ಜೇಡಿಗೆ ಸುಣ್ಣ ಬೇಕು. ಎಲ್ಲ ಹದವಾಗಿ ಕೂಡಿಬಂದರೆ ಭಟ್ಟಿಯ ಸೌದೆಯೇ ಇಲ್ಲದೆ ಎರಡಂತಸ್ತಿನ ಗೋಡೆ ಹೊರುವ ಇಟ್ಟಿಗೆ ಸಿಗುತ್ತದೆ.

ಅಸ್ತ್ರ ಈಗ ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ. ಸಗಣಿ ಸಾಕಷ್ಟು ಸಿಗದ ಕಡೆ ಎಲೆ, ಕಸಕಡ್ಡಿಯಿಂದಲೇ ಅನಿಲ ತೆಗೆಯುವ ಕೆಲಸವನ್ನೂ ಅಲ್ಲಿನವರು ಕೈಗೆತ್ತಿಕೊಂಡರು. ಸಗಣಿ ಸ್ಥಾವರಕ್ಕೆ ಎಲೆ ಹಾಕಿದರೆ ಅದು ತೇಲಿ ಮೇಲೆ ಕೆನೆಗಟ್ಟುತ್ತದೆ, ಕೆಳಗಿನ ಸೂಕ್ಷ್ಮಜೀವಿಗಳಿಗೆ ಸಿಗುವುದೇ ಇಲ್ಲ. ಆದ್ದರಿಂದ ಆಳದ ಬಾವಿಯ ಬದಲು ಉದ್ದನೆಯ ತೊಟ್ಟಿ: ಎಲೆಯನ್ನು ಒಂದು ತುದಿಯಲ್ಲಿ ತುಂಬಿ, ತೇಲದಂತೆ ಒತ್ತಿಹಿಡಿದು, ಕೊಳೆತಂತೆ ಇನ್ನೊಂದು ತುದಿಗೆ ಸರಿಸಿ ಹೊರತೆಗೆಯುವುದು.